ಮಾರಾಟಕ್ಕಿತ್ತು ಒಂದು ವಿಶ್ವವಿದ್ಯಾಲಯ!

ಒಂದು ವಿಶ್ವವಿದ್ಯಾಲಯ ಮಾರಾಟಕ್ಕಿತ್ತು. ಕೊಳ್ಳೋಕೆ ಬಂದವರು ಯಾರು ಗೊತ್ತಾ? ಕು ಕ್ಲಕ್ಸ್ ಕ್ಲಾನ್! ಬಿಳಿ ಮುಸುಕು ಹಾಕ್ಕೊಂಡು ಕಪ್ಪು ಜನರನ್ನು, ಯಹೂದಿಗಳನ್ನು, ಕ್ಯಾಥೊಲಿಕರನ್ನು ಬೆದರಿಸುತ್ತಿದ್ದ ಅದೇ ಸಂಘಟನೆ. ಇದು ಸಿನಿಮಾ ಕಥೆ ಅಲ್ಲ. 1923ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ನಡೆದದ್ದು.

ಊರು ವಾಲ್ಪರೈಸೊ. 1859ರಲ್ಲಿ ಮೆಥಡಿಸ್ಟ್ ಪಂಥದ ಕ್ರೈಸ್ತರು ಅಲ್ಲೊಂದು ಕಾಲೇಜು ಕಟ್ಟಿದರು. ಆ ಕಾಲಕ್ಕೇ ಹುಡುಗ, ಹುಡುಗಿ ಇಬ್ಬರಿಗೂ ಪ್ರವೇಶ! ಆದರೆ ಅಂತರ್ಯುದ್ಧದ ಹೊಡೆತದಿಂದ ಚೇತರಿಸಿಕೊಳ್ಳಲಿಲ್ಲ. 1871ರಲ್ಲಿ ಬಾಗಿಲು ಮುಚ್ಚಿತು. ಎರಡು ವರ್ಷದ ನಂತರ ಹೆನ್ರಿ ಬೇಕರ್ ಬ್ರೌನ್ ಎಂಬ ಮೇಷ್ಟ್ರು ಮತ್ತೆ ತೆರೆದರು. ಫೀಸು ಕಡಿಮೆ, ಊಟ-ವಸತಿ ಅಗ್ಗ. ದುಡ್ಡಿಲ್ಲದ ಮನೆಯ ಮಕ್ಕಳು ದೂರದೂರದಿಂದ ಬಂದರು. 'ಬಡವರ ಹಾರ್ವರ್ಡ್' ಅಂತಲೇ ಹೆಸರಾಯ್ತು.

1917ರಲ್ಲಿ ಬ್ರೌನ್ ತೀರಿಕೊಂಡರು. ಮೊದಲ ಮಹಾಯುದ್ಧ ತರಗತಿಗಳನ್ನು ಖಾಲಿ ಮಾಡಿತು. ಸಂಸ್ಥೆ ದಿವಾಳಿಯ ಅಂಚಿಗೆ ಬಂತು. ಕ್ಲಾನ್ ಕಣ್ಣು ಹಾಕಿದ್ದು ಆಗ. ಮಾತುಕತೆ ನಡೆದು, ಕೊಂಡೇಬಿಟ್ಟೆವು ಎಂಬಂತೆ ಸುದ್ದಿಯೂ ಹಬ್ಬಿತು. ಕೊನೆಗೆ ಹಣ ಹೊಂದಿಸಲಾಗದೆ ವ್ಯವಹಾರ ಮುರಿಯಿತು. ನ್ಯಾಯ ಗೆದ್ದಿತು ಅಂತ ನಾನು ಹೇಳಲಾರೆ. ಅವರ ಹತ್ತಿರ ದುಡ್ಡಿರಲಿಲ್ಲ, ಇವರು ಬಚಾವಾದರು. ಅಷ್ಟೇ!

1925ರಲ್ಲಿ ಬಂದವರು ಲೂಥರನ್ನರು. ಅಂದರೆ ಮಾರ್ಟಿನ್ ಲೂಥರ್ ಹಾದಿಯ ಕ್ರೈಸ್ತರು. ಪಾದ್ರಿಗಳು, ಸಾಮಾನ್ಯ ಭಕ್ತರು ಸೇರಿ ಒಂದು ಸಂಘ ಕಟ್ಟಿ ಕಾಲೇಜನ್ನು ಕೊಂಡರು. ಚರ್ಚಿನ ಆಡಳಿತಕ್ಕೆ ಒಪ್ಪಿಸಲಿಲ್ಲ, ಸ್ವತಂತ್ರವಾಗಿ ನಡೆಸಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಎಂಜಿನಿಯರಿಂಗ್ ವಿಭಾಗಕ್ಕೆ ಕಟ್ಟಡ ಬೇಕಾಯ್ತು. ವಿದ್ಯಾರ್ಥಿಗಳು ತಾವೇ ಕೈಹಾಕಿ ಕಟ್ಟಿದರು! 1959ರಲ್ಲಿ ದೊಡ್ಡ ಪ್ರಾರ್ಥನಾ ಮಂದಿರವೂ ಎದ್ದು ನಿಂತಿತು.

ಇನ್ನು ಹೆಸರಿನ ವಿಷಯ. ಇವರ ಕ್ರೀಡಾ ತಂಡಕ್ಕೆ ಮೊದಲು 'ಉಲಾನ್ಸ್' ಅಂತ ಹೆಸರಿತ್ತು. ಅದು ಜರ್ಮನ್ ಕುದುರೆ ಸವಾರರ ಹೆಸರು. ಹಿಟ್ಲರ್ ಜೊತೆ ಯುದ್ಧ ನಡೀತಿದ್ದಾಗ ಅದು ಮುಜುಗರ ಅಲ್ವಾ? 1942ರಲ್ಲಿ 'ಕ್ರುಸೇಡರ್ಸ್' ಆಯ್ತು, ಧರ್ಮಯುದ್ಧದ ಯೋಧರು. 2021ರಲ್ಲಿ ಅದನ್ನೂ ಕೈಬಿಟ್ಟರು. ಕಾರಣ? ಆ ಹೆಸರಿಗೆ ಅಂಟಿದ ರಕ್ತಪಾತ. ಜೊತೆಗೆ ದ್ವೇಷ ಬಿತ್ತುವ ಗುಂಪುಗಳೂ ಆ ಯೋಧನ ಚಿತ್ರವನ್ನು ಬಳಸುತ್ತಿದ್ದವು. ಅದರಲ್ಲಿ ಕ್ಲಾನ್ ಕೂಡ ಒಂದು! ಹಳೇ ಹೆಸರೇ ಇರಲಿ ಅಂದವರೂ ಇದ್ದರು. ಈಗ ತಂಡದ ಹೆಸರು 'ಬೀಕನ್ಸ್', ಅಂದರೆ ದಾರಿದೀಪಗಳು. ವಿಶ್ವವಿದ್ಯಾಲಯದ ಧ್ಯೇಯವಾಕ್ಯವೂ ಬೆಳಕಿನ ಕುರಿತೇ ಇದೆ.

ಕಾಲೇಜೊಂದು ನಷ್ಟದಲ್ಲಿದೆ ಅಂತ ಸುದ್ದಿ ಬಂದಾಗ, ಸಾಲ ಎಷ್ಟು ಅಂತ ನಾವು ಮೊದಲು ಕೇಳ್ತೀವಿ. ಈ ಕಥೆ ಓದಿದ ಮೇಲೆ ನಾನು ಇನ್ನೊಂದು ಪ್ರಶ್ನೆಯನ್ನೂ ಕೇಳ್ತೀನಿ. ಕೊಳ್ಳೋಕೆ ಬಾಗಿಲಲ್ಲಿ ನಿಂತಿರೋರು ಯಾರು?