ಹಾಳೂರುಗಳ ಪ್ರವಾಸ: ಹಂಪೆಯೂ ಪೆರು ದೇಶವೂ



ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆ ನಮ್ಮ ನಾಡಿನಲ್ಲಿ ಪ್ರಸಿದ್ಧವಾದುದು. ಈಗ ನಮ್ಮವರ ಕಾಲಿಗೆ ರೆಕ್ಕೆ ಮೂಡಿದೆ. ಬೆಂಗಳೂರಿನ ದಕ್ಷಿಣದಂಚಿನ ಅಂಜನಾಪುರದಲ್ಲಿ ಕುಳಿತು, ದಕ್ಷಿಣ ಅಮೆರಿಕದ ಪೆರು ದೇಶದ ಹಾಳೂರುಗಳನ್ನು ನೋಡಿಬರೋಣವೆಂದು ಯೋಚಿಸುವುದು ಈಗ ಕೈಗೆಟುಕದ ಮಾತಲ್ಲ. ಹಾಗೆ ಹೊರಡುವವರು ಮೊದಲು ಹಂಪೆಯಲ್ಲಿ ನಾಲ್ಕು ದಿನ ತಂಗುವುದು ಲೇಸೆಂದು ನನ್ನ ಬಿನ್ನಹ. ಹಾಳೂರನ್ನು ನೋಡುವ ಬಗೆಯನ್ನು ಹಂಪೆಯು ಕಲಿಸುತ್ತದೆ.

ಈ ಎರಡು ರಾಜ್ಯಗಳ ಚರಿತ್ರೆಯಲ್ಲಿ ಕಾಲಸಾಮ್ಯವುಂಟು. ಇಮ್ಮಡಿ ದೇವರಾಯನು ವಿಜಯನಗರವನ್ನಾಳಿದ ಹದಿನೈದನೆಯ ಶತಮಾನದಲ್ಲಿಯೇ, ಆಂಡಿಸ್ ಪರ್ವತಗಳ ನಡುವೆ ಇಂಕಾ ದೊರೆ ಪಚಕುಟಿಯು ಕುಸ್ಕೊ ನಗರವನ್ನು ಬೆಳೆಸಿದನು. ಮಾಚು ಪಿಚುವನ್ನು ಕಟ್ಟಿಸಿದವನೂ ಅವನೇ ಎಂಬುದು ವಿದ್ವಾಂಸರ ಅಭಿಪ್ರಾಯ. 1533ರಲ್ಲಿ ಕುಸ್ಕೊ ಸ್ಪೇನಿನವರ ವಶವಾಯಿತು. 1565ರ ಯುದ್ಧದ ತರುವಾಯ ವಿಜಯನಗರವು ಸೂರೆಹೋಯಿತು.

ಅಳಿದುದೇನು, ಉಳಿದುದೇನು ಎಂಬುದನ್ನು ವಿಚಾರಿಸಿದರೆ ಸ್ವಾರಸ್ಯವು ತಿಳಿಯುತ್ತದೆ. ಹಂಪೆಯ ಅರಮನೆಗಳಲ್ಲಿ ಕಲ್ಲಿನ ಜಗತಿ ಮಾತ್ರ ಉಳಿದು, ಮೇಲಿನ ಮರದ ಕಟ್ಟಡವೆಲ್ಲ ಮಾಯವಾಗಿದೆ. ಆದರೆ ತುಂಗಭದ್ರೆಯ ನೀರನ್ನು ತಿರುಗಿಸಿ ರಾಯರ ಕಾಲದಲ್ಲಿ ತೋಡಿದ ತುರ್ತಾ ಕಾಲುವೆಯು ಇಂದಿಗೂ ಹರಿದು, ಬಾಳೆಯ ತೋಟಗಳಿಗೆ ನೀರುಣಿಸುತ್ತಿದೆ. ಪೆರು ದೇಶದಲ್ಲಿಯೂ ಹೀಗೆಯೇ. ಬೆಟ್ಟದ ಇಳಿಜಾರಿನಲ್ಲಿ ಕಲ್ಲಿನ ಗೋಡೆ ಎತ್ತಿ, ನೀರು ಬಸಿಯಲು ಒಳಗೆ ಜಲ್ಲಿ ತುಂಬಿ, ಮೇಲೆ ಮಣ್ಣು ಹರಡಿ ಮಾಡಿದ ಮೆಟ್ಟಿಲುಗದ್ದೆಗಳು ಅಲ್ಲಿ ಕೆಲವೆಡೆ ಇನ್ನೂ ಸಾಗುವಳಿಯಲ್ಲಿವೆ. ಸಿಂಹಾಸನವು ಹೋದರೂ ನೀರಿನ ದಾರಿ ನಿಂತಿತು.

ಜನವೂ ನಿಂತಿತು. 1911ರಲ್ಲಿ ಅಮೆರಿಕದ ಹೈರಮ್ ಬಿಂಗ್‌ಹ್ಯಾಮ್ ಎಂಬಾತನು ಮಾಚು ಪಿಚುವನ್ನು ಕಂಡುಹಿಡಿದನೆಂದು ಹೇಳುವುದು ವಾಡಿಕೆ. ಆತನು ಅಲ್ಲಿಗೆ ಹತ್ತಿದಾಗ ರೈತ ಸಂಸಾರಗಳು ಆ ಹಳೆಯ ಮೆಟ್ಟಿಲುಗದ್ದೆಗಳಲ್ಲಿ ಬೇಸಾಯ ಮಾಡಿಕೊಂಡಿದ್ದವು. ಆತನಿಗೆ ದಾರಿ ತೋರಿದವನು ಅಲ್ಲಿಯ ಒಬ್ಬ ಹುಡುಗ. ನಮ್ಮ ಹಂಪೆಯಾದರೂ ಎಂದು ಕಳೆದುಹೋಗಿತ್ತು? ವಿರೂಪಾಕ್ಷನ ಪೂಜೆ ಇಂದಿಗೂ ನಡೆದಿದೆ.

ಆದುದರಿಂದ ಹಾಳೂರೆಂಬ ಮಾತನ್ನು ಎಚ್ಚರದಿಂದ ಆಡಬೇಕು. 1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2011ರ ಜುಲೈಯಲ್ಲಿ, ವಿರೂಪಾಕ್ಷನ ಮುಂದಣ ಪೇಟೆಯ ಹಳೆಯ ಮಂಟಪಗಳಲ್ಲಿ ಮನೆ, ಅಂಗಡಿ ಹೂಡಿದ್ದವರನ್ನು ಒಕ್ಕಲೆಬ್ಬಿಸಲಾಯಿತು. ಕಲ್ಲನ್ನು ಕಾಯುವುದು ಧರ್ಮವೇ ಸರಿ; ಮಂಟಪಗಳಿಗೆ ಧಕ್ಕೆ ತಗುಲುತ್ತಿದ್ದಿತೆಂಬ ವಾದವನ್ನೂ ತಳ್ಳಿಹಾಕಲಾಗದು. ಆದರೆ ಪೇಟೆಯೆಂದರೆ ಕಂಬಗಳ ಸಾಲು ಮಾತ್ರವೇ, ಅಲ್ಲಿ ಕೊಂಡು ಮಾರಿ ಬಾಳುವ ಜನವೂ ಹೌದೇ ಎಂಬ ಪ್ರಶ್ನೆಗೆ ಪ್ರವಾಸಿಯು ತಾನೇ ಉತ್ತರವನ್ನು ಹುಡುಕಿಕೊಳ್ಳಬೇಕು. ಅವನಿಗಾಗಿಯೇ ತಾನೆ ಈ ಏರ್ಪಾಡೆಲ್ಲ!

ಇನ್ನು ಪ್ರಯಾಣದ ಕ್ರಮ. ಹಂಪೆಗೆ ಡಿಸೆಂಬರ್, ಜನವರಿ ತಿಂಗಳುಗಳು ಹಿತ. ಪೆರುವಿನ ಬೆಟ್ಟಗಳಲ್ಲಿ ಮಳೆಯಿಲ್ಲದ ಕಾಲವು ಮೇಯಿಂದ ಸೆಪ್ಟೆಂಬರಿನವರೆಗೆ. ಒಂದೇ ವರ್ಷದಲ್ಲಿ ಎರಡನ್ನೂ ಕಾಣಬಹುದು. ಹಂಪೆಯಲ್ಲಿ ಮೊದಲ ದಿನ ನದೀತೀರದ ಗುಡಿಗಳು, ಎರಡನೆಯ ದಿನ ಮಹಾನವಮಿ ದಿಬ್ಬ, ಮೂರನೆಯ ದಿನ ಹೊಳೆ ದಾಟಿ ಆನೆಗೊಂದಿ ಮತ್ತು ಅಂಜನಾದ್ರಿ. ಪೆರುವಿನಲ್ಲಿ ಕರಾವಳಿಯ ಮರುಭೂಮಿ, ಆಂಡಿಸ್ ಪರ್ವತ, ಅಮೆಜಾನ್ ಕಾಡು ಎಂಬ ಮೂರು ಬಗೆಯ ನೆಲವುಂಟು. ಕುಸ್ಕೊ ಸುಮಾರು 11,000 ಅಡಿ ಎತ್ತರದಲ್ಲಿರುವುದರಿಂದ, ಮೈಗೆ ಹೊಂದುವವರೆಗೆ ಅಲ್ಲಿ ಒಂದೆರಡು ದಿನ ಸುಮ್ಮನಿರುವುದು ವಿವೇಕ.

ಹಂಪೆಯ ನಾಲ್ಕನೆಯ ದಿನವನ್ನು ಯಾವ ಗುಡಿಗೂ ಕೊಡದೆ ಕಾಲುವೆಯ ದಂಡೆಗೆ ಮೀಸಲಿಡಿ. ಅಲ್ಲಿ ನೀರು ಕಟ್ಟುತ್ತಿರುವ ರೈತನನ್ನು ಮಾತನಾಡಿಸಿ. ರಾಯರ ರಾಜ್ಯದಲ್ಲಿ ಇನ್ನೂ ಮುಗಿಯದೆ ನಡೆದಿರುವ ಕಾರ್ಯವು ಅವನ ಕೈಯಲ್ಲಿದೆ.