ಫೋಟೊಗೆ ಲೊಕೇಶನ್ ಸೇರಿಸುವುದು ಹೇಗೆ? ಕಳಿಸುವ ಮುನ್ನ ತಿಳಿದಿರಲಿ

ಆಲಿಕಲ್ಲು ಮಳೆಗೆ ಬೆಳೆ ಹಾಳಾಯ್ತು, ಅಂಗಡಿ ಮುಂದೆ ಚರಂಡಿ ತುಂಬಿ ಹರೀತಿದೆ, ಬೀದಿದೀಪ ಕೆಟ್ಟಿದೆ. ಏನೇ ದೂರು ಕೊಟ್ಟರೂ ಈಗ ಮೊದಲು ಕೇಳೋದು ಫೋಟೊ. ಅದರ ಬೆನ್ನಿಗೇ ಬರುವ ಪ್ರಶ್ನೆ, ‘ಇದು ಯಾವ ಜಾಗ?’ ಉತ್ತರ ಫೋಟೊದಲ್ಲೇ ಇರಬೇಕಾದರೆ ಹೀಗೆ ಮಾಡಿ.

ಲೊಕೇಶನ್ ಎರಡು ಬಗೆ

ಒಂದು, ಫೈಲ್ ಒಳಗೆ ಕಣ್ಣಿಗೆ ಕಾಣದಂತೆ ಸೇರುವ ಮಾಹಿತಿ. ಇದಕ್ಕೆ ಎಕ್ಸಿಫ್ ಡೇಟಾ ಎನ್ನುತ್ತಾರೆ. ಅಕ್ಷಾಂಶ, ರೇಖಾಂಶ, ದಿನಾಂಕ, ಸಮಯ ಇದರಲ್ಲಿರುತ್ತವೆ. ಇನ್ನೊಂದು, ‘ಜಿಪಿಎಸ್ ಮ್ಯಾಪ್ ಕ್ಯಾಮೆರಾ’ದಂಥ ಆ್ಯಪ್‌ಗಳು ಫೋಟೊ ಮೇಲೆಯೇ ಅಚ್ಚು ಹಾಕುವ ವಿಳಾಸ.

ಆನ್ ಮಾಡುವುದು ಹೇಗೆ?

* ಆಂಡ್ರಾಯ್ಡ್: ಫೋನಿನ ಲೊಕೇಶನ್ ಆನ್ ಇರಲಿ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಲೊಕೇಶನ್ ಟ್ಯಾಗ್ಸ್’ ಅಥವಾ ‘ಸೇವ್ ಲೊಕೇಶನ್’ ಒತ್ತಿ. ಕಂಪನಿಗೆ ತಕ್ಕಂತೆ ಹೆಸರು ಸ್ವಲ್ಪ ಬೇರೆ ಇರಬಹುದು.
* ಐಫೋನ್: ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ‘ಲೊಕೇಶನ್ ಸರ್ವಿಸಸ್’ಗೆ ಹೋಗಿ, ಕ್ಯಾಮೆರಾಗೆ ಅನುಮತಿ ಕೊಡಿ.
* ಬಯಲಲ್ಲಿ ನಿಂತು ಅರ್ಧ ನಿಮಿಷ ಕಾದು ಫೋಟೊ ತೆಗೆಯಿರಿ. ಆಕಾಶ ಕಾಣುವ ಕಡೆ ಮೊಬೈಲ್ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಕಟ್ಟಡದೊಳಗೆ, ಮರದ ಕೆಳಗೆ ಹೆಚ್ಚು ತಪ್ಪುತ್ತದೆ.

ಹಳೇ ಫೋಟೊ ಇದ್ದರೆ?

ಗೂಗಲ್ ಫೋಟೋಸ್‌ನಲ್ಲಿ ಫೋಟೊ ತೆರೆದು ಮೇಲಕ್ಕೆ ಸರಿಸಿದರೆ ಲೊಕೇಶನ್ ಸೇರಿಸುವ ಅವಕಾಶ ಇದೆ. ಐಫೋನ್‌ನಲ್ಲೂ ಮಾಹಿತಿ ಬಟನ್ ಒತ್ತಿ ಸೇರಿಸಬಹುದು. ನಿಮ್ಮ ಆಲ್ಬಂಗೆ ಇಷ್ಟು ಸಾಕು. ಪರಿಹಾರದ ಅರ್ಜಿಗೆ ಮಾತ್ರ ಜಾಗಕ್ಕೇ ಹೋಗಿ ಹೊಸದಾಗಿ ತೆಗೆಯಿರಿ.

ಸರಿಯಿದೆಯಾ ನೋಡಿಕೊಳ್ಳಿ

ವಿಜಯಪುರದ ಗೋಳಗುಮ್ಮಟ 16.830, 75.736ರಲ್ಲಿದೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಕರ್ನಾಟಕದ ಅಕ್ಷಾಂಶ ಸುಮಾರು 11.5ರಿಂದ 18.5, ರೇಖಾಂಶ 74ರಿಂದ 78.5. ನಿಮ್ಮ ಫೋಟೊದ ಅಂಕಿ ಇದರಾಚೆ ಇದ್ದರೆ ಎಲ್ಲೋ ಎಡವಟ್ಟಾಗಿದೆ. ಅಂಕಿಗಳನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ಹಾಕಿದರೆ ಜಾಗ ಗೊತ್ತಾಗುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಜೋಪಾನ

ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಫೋಟೊ ಕಳಿಸಿದರೆ ಒಳಗಿನ ಲೊಕೇಶನ್ ಅಳಿಸಿಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಸಾಮಾನ್ಯವಾಗಿ ಉಳಿಯುತ್ತದೆ. ಮೊದಲು ಮನೆಯವರ ಫೋನಿಗೆ ಒಂದು ಕಳಿಸಿ ಪರೀಕ್ಷಿಸಿ. ಮೇಲೆ ಅಚ್ಚಾದ ವಿಳಾಸ ಮಾತ್ರ ಹೇಗೆ ಕಳಿಸಿದರೂ ಹೋಗಲ್ಲ. ಏನೇ ಆದರೂ ಮೂಲ ಫೋಟೊ ಡಿಲೀಟ್ ಮಾಡಬೇಡಿ.

ರೈತರಿಗೆ ಒಂದು ಮಾತು: ಆಲಿಕಲ್ಲು, ಜಲಾವೃತದಂಥ ಹಾನಿಯನ್ನು ಫಸಲ್ ಬಿಮಾ ಯೋಜನೆಯಡಿ 72 ಗಂಟೆಯೊಳಗೆ ತಿಳಿಸಲೇಬೇಕು. ಫೋಟೊ ಇಟ್ಟುಕೊಂಡು ಸುಮ್ಮನಿದ್ದರೆ ಪ್ರಯೋಜನ ಇಲ್ಲ. ಬೆಳೆ ವಿಮೆ ಆ್ಯಪ್, ಬ್ಯಾಂಕ್ ಅಥವಾ ಕೃಷಿ ಇಲಾಖೆಗೆ ತಕ್ಷಣ ತಿಳಿಸಿ.

ಎಲ್ಲಿ ಬೇಡ?

ಅಂಗಡಿಯ ಫೋಟೊದಲ್ಲಿ ಲೊಕೇಶನ್ ಇದ್ದರೆ ಗಿರಾಕಿಗೆ ದಾರಿ ಸಿಗುತ್ತದೆ. ಮನೆಯಲ್ಲಿ ತೆಗೆದ ಮಕ್ಕಳ ಫೋಟೊ, ಒಡವೆ, ಮಾರಾಟಕ್ಕಿಟ್ಟ ಬೈಕ್‌ನ ಫೋಟೊದಲ್ಲಿ ಇದ್ದರೆ ಗುರುತಿಲ್ಲದವರಿಗೂ ನಿಮ್ಮ ಮನೆಬಾಗಿಲು ತೋರಿಸಿದಂತೆ. ಐಫೋನ್‌ನಲ್ಲಿ ಶೇರ್ ಮಾಡುವಾಗ ‘ಆಪ್ಷನ್ಸ್’ ಒತ್ತಿ ಲೊಕೇಶನ್ ಆಫ್ ಮಾಡಬಹುದು. ಹಲವು ಆಂಡ್ರಾಯ್ಡ್ ಫೋನ್‌ಗಳ ಗ್ಯಾಲರಿಯಲ್ಲೂ ಲೊಕೇಶನ್ ತೆಗೆದು ಕಳಿಸುವ ಆಯ್ಕೆ ಇದೆ. ಕೆಲಸ ಮುಗಿದ ಮೇಲೆ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿಬಿಡುವುದು ಇನ್ನೂ ಸುಲಭ.