ಬಾನುಲಿಗೆ ಶಕ್ತಿ: ಬ್ಯಾಟರಿಯೋ, ತಂತಿಯೋ?

ಬಾನುಲಿಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಪ್ರಸಾರ ಕೇಂದ್ರದಿಂದ ಪ್ರಾರಂಭಿಸುತ್ತಾರೆ. ಯಾರು ಮಾತನಾಡಿದರು, ಯಾರು ಹಾಡಿದರು ಎಂಬುದೇ ಅಲ್ಲಿ ಮುಖ್ಯವಾಗುತ್ತದೆ. ಆದರೆ ಆ ಧ್ವನಿಯು ಒಂದು ಮನೆಯನ್ನು ಮುಟ್ಟಬೇಕಾದರೆ ಮನೆಯಲ್ಲಿ ರೇಡಿಯೋ ಪೆಟ್ಟಿಗೆಯಿರಬೇಕು. ಪೆಟ್ಟಿಗೆಗೆ ಶಕ್ತಿಯನ್ನೊದಗಿಸುವ ಏರ್ಪಾಡೂ ಇರಬೇಕು. ಆ ಶಕ್ತಿಯನ್ನು ಗೋಡೆಯ ತಂತಿಯಿಂದ ಪಡೆಯುವುದೋ ಬ್ಯಾಟರಿಯಿಂದ ಪಡೆಯುವುದೋ ಎಂಬುದು ನೋಡುವುದಕ್ಕೆ ಗೃಹಕೃತ್ಯದ ಸಣ್ಣ ಲೆಕ್ಕ. ಕನ್ನಡನಾಡಿನಲ್ಲಿಯಾದರೋ, ಯಾರು ಕೇಳಬಲ್ಲರು, ಎಷ್ಟು ಹೊತ್ತು ಕೇಳಬಲ್ಲರು ಎಂಬುದನ್ನು ನಿರ್ಣಯಿಸಿದ್ದು ಈ ಲೆಕ್ಕವೇ. ಶ್ರೋತೃಗಳ ಗಮನವನ್ನು ಇಂದು ಆ ಕಡೆಗೆ ಸೆಳೆಯಲು ಬಯಸುತ್ತೇನೆ.

ಮೊದಲು ಮೈಸೂರು ಸಂಸ್ಥಾನವನ್ನು ನೋಡೋಣ. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ, 1908ರಲ್ಲಿ ಮೈಸೂರು ನಗರಕ್ಕೂ ವಿದ್ಯುದ್ದೀಪಗಳು ಬಂದವು. ಮಹಾರಾಜರ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಗಳು ತಮ್ಮ ಮನೆಯಲ್ಲಿ 30 ವಾಟಿನ ಪುಟ್ಟ ಪ್ರಸಾರಯಂತ್ರವೊಂದನ್ನಿಟ್ಟುಕೊಂಡು ‘ಆಕಾಶವಾಣಿ’ಯನ್ನು ಪ್ರಾರಂಭಿಸಿದ್ದು 1935ರ ಸೆಪ್ಟೆಂಬರಿನಲ್ಲಿ. ಎಂದರೆ, ಮೈಸೂರಿನಲ್ಲಿ ಧ್ವನಿ ಹುಟ್ಟುವ ಹೊತ್ತಿಗೆ ಶಕ್ತಿಯು ಆ ಊರಿಗೆ ಬಂದು 27 ವರ್ಷಗಳು ಸಂದಿದ್ದವು. ಅನುಕೂಲಸ್ಥರಾದ ನಗರವಾಸಿಗಳಿಗೆ ತಂತಿಯ ರೇಡಿಯೋ ಸಹಜವಾದ ಆಯ್ಕೆಯಾಗಿದ್ದುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ಹೋಗೋಣ. ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರು ಇಂದು ಹಾವೇರಿ ಜಿಲ್ಲೆಗೆ ಸೇರಿದೆ. ಆ ಜಿಲ್ಲೆ ಏರ್ಪಟ್ಟಿದ್ದು 1997ರಲ್ಲಿ. ಅದಕ್ಕೆ ಮೊದಲು ಈ ಸೀಮೆ ಧಾರವಾಡ ಜಿಲ್ಲೆಯ ಭಾಗ. 1956ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದಿತು. ಭಾಷೆ ಒಂದೇ, ಹೊಳೆಯ ನೀರು ಒಂದೇ, ಆದರೆ ಸರ್ಕಾರಗಳು ಎರಡು. ರೇಡಿಯೋ ಅಲೆಗಳಿಗೆ ಈ ಗಡಿ ತಿಳಿಯದು. ಯಾರ ಅಪ್ಪಣೆಯನ್ನೂ ಕೇಳದೆ ಅವು ಹೊಳೆಯನ್ನು ದಾಟುತ್ತವೆ. ವಿದ್ಯುತ್ತಿನ ತಂತಿಯ ಸ್ಥಿತಿ ಹಾಗಲ್ಲ. ಅದಕ್ಕೆ ಕಂಬ ಬೇಕು, ಬಂಡವಾಳ ಬೇಕು, ಎರಡು ಸರ್ಕಾರಗಳ ಒಪ್ಪಿಗೆ ಬೇಕು, ಕೊಳ್ಳುವ ಗಿರಾಕಿಗಳು ಬೇಕು. ಹೀಗೆ ಧ್ವನಿಯು ಮುಂದೆ ಹೋಗಿ ಶಕ್ತಿಯು ಹಿಂದೆ ಉಳಿದ ಊರುಗಳು ಕನ್ನಡನಾಡಿನಲ್ಲಿ ಅಸಂಖ್ಯಾತ. ತಂತಿ ಬಾರದ ಊರಿನಲ್ಲಿ ರೇಡಿಯೋ ಕೇಳಬೇಕೆಂದವರಿಗೆ ಬ್ಯಾಟರಿಯೊಂದೇ ಗತಿ.

ಆ ಬ್ಯಾಟರಿಯೂ ಸುಲಭದ ವಸ್ತುವಾಗಿರಲಿಲ್ಲ. ಅಂದಿನ ರೇಡಿಯೋ ವಾಲ್ವುಗಳಿಗೆ ಎರಡು ಬಗೆಯ ಆಹಾರ ಬೇಕಾಗಿದ್ದಿತು. ವಾಲ್ವಿನೊಳಗಿನ ಎಳೆಯನ್ನು ಕಾಯಿಸುವುದಕ್ಕೆ ಕಡಮೆ ಒತ್ತಡದ ವಿದ್ಯುತ್ತು. ಅದಕ್ಕೆ ಅನೇಕ ಪೆಟ್ಟಿಗೆಗಳಲ್ಲಿ ಸೀಸ ಮತ್ತು ಗಂಧಕಾಮ್ಲಗಳ 2 ವೋಲ್ಟಿನ ಬ್ಯಾಟರಿ. ಧ್ವನಿಯನ್ನು ವರ್ಧಿಸುವುದಕ್ಕೆ ಹೆಚ್ಚಿನ ಒತ್ತಡ. ಅದಕ್ಕೆ 90 ವೋಲ್ಟಿನ ಒಣ ಬ್ಯಾಟರಿ. ಒಂದು ಒಣ ಸೆಲ್ಲಿನ ಒತ್ತಡ ಒಂದೂವರೆ ವೋಲ್ಟು. ಆದುದರಿಂದ 90 ವೋಲ್ಟಿಗೆ 60 ಸೆಲ್ಲುಗಳನ್ನು ಸಾಲಾಗಿ ಜೋಡಿಸಬೇಕು. ಒಣ ಬ್ಯಾಟರಿ ತೀರಿದರೆ ಎಸೆದು ಹೊಸದನ್ನು ಕೊಳ್ಳಬೇಕು. ಆಮ್ಲದ ಬ್ಯಾಟರಿಯನ್ನಾದರೋ ಮತ್ತೆ ಚಾರ್ಜು ಮಾಡಿಸಬಹುದು. ಆದರೆ ಚಾರ್ಜು ಮಾಡುವ ಯಂತ್ರವಿರುವ ಊರಿಗೆ ಅದನ್ನು ಹೊತ್ತುಕೊಂಡು ಹೋಗಬೇಕು. ಒಂದು ಉದಾಹರಣೆ: ಬ್ಯಾಟರಿ 40 ಆಂಪೇರ್-ಗಂಟೆಯದೆಂದೂ, ಎಳೆಗಳು ಅರ್ಧ ಆಂಪೇರನ್ನು ಎಳೆಯುವುವೆಂದೂ ಇಟ್ಟುಕೊಳ್ಳೋಣ. 80 ಗಂಟೆಗಳ ಶ್ರವಣ ದೊರೆಯುತ್ತದೆ. ದಿನಕ್ಕೆ ನಾಲ್ಕು ಗಂಟೆ ಕೇಳಿದರೆ ಇಪ್ಪತ್ತನೆಯ ದಿನ ಮನೆಯಲ್ಲಿ ಮೌನ.

ತಂತಿಯ ಪೆಟ್ಟಿಗೆಗೆ ಈ ತೊಂದರೆಯಿಲ್ಲ. 50 ವಾಟಿನ ರೇಡಿಯೋ ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳೆಲ್ಲ ನುಡಿದರೂ ಖರ್ಚಾಗುವುದು ಆರು ಯೂನಿಟ್ಟು ಮಾತ್ರ. ಅದರ ದೋಷವೇ ಬೇರೆ. ತಂತಿಯಲ್ಲಿ ಬರುವ ಪ್ರವಾಹವು ಸೆಕೆಂಡಿಗೆ ಎಷ್ಟೋ ಸಲ ದಿಕ್ಕು ಬದಲಿಸುತ್ತದೆ. ವಾಲ್ವಿಗೆ ಬೇಕಾದುದು ಒಂದೇ ದಿಕ್ಕಿನ ಪ್ರವಾಹ. ಅದನ್ನು ಏಕಮುಖಗೊಳಿಸಿ, ಉಳಿದ ಏರಿಳಿತವನ್ನು ಕಂಡೆನ್ಸರ್ ಮತ್ತು ಚೋಕುಗಳಿಂದ ಸಮಗೊಳಿಸದಿದ್ದರೆ ಹಾಡಿನ ಹಿಂದೆ ‘ಗುಂಯ್’ ಎಂಬ ಬೇಡದ ಶ್ರುತಿಯೊಂದು ನಿಲ್ಲುತ್ತದೆ. ಶಿವನಸಮುದ್ರದ ಮೊದಲ ಯಂತ್ರಗಳು ಸೆಕೆಂಡಿಗೆ 25 ಆವರ್ತಗಳ ಪ್ರವಾಹವನ್ನು ಉತ್ಪಾದಿಸುತ್ತಿದ್ದವು. ಆವರ್ತ ಕಡಮೆಯಾದಷ್ಟೂ ಸಮಗೊಳಿಸುವುದು ಕಷ್ಟ. 50 ಆವರ್ತಕ್ಕೆಂದು ಮಾಡಿದ ಟ್ರಾನ್ಸ್‌ಫಾರ್ಮರು ಅಂತಹ ಪ್ರವಾಹದಲ್ಲಿ ಮಿತಿಮೀರಿ ಕಾಯುತ್ತದೆ. ಬ್ಯಾಟರಿಯ ಪ್ರವಾಹವಾದರೋ ಹುಟ್ಟಿನಿಂದಲೇ ಏಕಮುಖ, ನಿಶ್ಶಬ್ದ. ನಿರ್ಮಲವಾದ ನಾದವನ್ನು ಬಯಸುವವರು ಇಂದಿಗೂ ಬ್ಯಾಟರಿಯನ್ನು ಹೊಗಳುವುದು ಈ ಕಾರಣದಿಂದಲೇ.

ಈ ಎರಡು ಪೆಟ್ಟಿಗೆಗಳು ಎರಡು ಬಗೆಯ ಕೇಳುಗರನ್ನು ನಿರ್ಮಿಸಿದವೆಂದು ನನ್ನ ಅಭಿಪ್ರಾಯ. ತಂತಿಯಿದ್ದವನು ರೇಡಿಯೋ ಹಾಕಿ ಮರೆಯಬಹುದು. ಬ್ಯಾಟರಿಯವನು ಮರೆಯಲಾರ, ಅವನಿಗೆ ಪ್ರತಿಯೊಂದು ಗಂಟೆಯೂ ಅಳೆದು ತೆಗೆದ ಧಾನ್ಯದಂತೆ. ವಾರ್ತೆಯನ್ನು ಕೇಳಿದರೆ ಸಂಗೀತವನ್ನು ಬಿಡಬೇಕು. ಸಂಗೀತವನ್ನು ಕೇಳಿದರೆ ನಾಳೆಯ ವಾರ್ತೆಯ ಚಿಂತೆ. ಹಳ್ಳಿಗರಿಗೆ ಬಾನುಲಿಯಲ್ಲಿ ಆಸಕ್ತಿ ಕಡಮೆಯೆಂದು ಹೇಳುವವರು ಈ ಲೆಕ್ಕವನ್ನು ಮರೆಯುತ್ತಾರೆ. ಕಡಮೆಯಾಗಿದ್ದುದು ಆಸಕ್ತಿಯಲ್ಲ, ಆಂಪೇರ್-ಗಂಟೆ.

1950ರ ಜನವರಿ 8ರಂದು ಧಾರವಾಡದಲ್ಲಿ ಬಾನುಲಿ ಕೇಂದ್ರವು ಪ್ರಾರಂಭವಾಗಿ ಕನ್ನಡದ ಧ್ವನಿಯು ಈ ಸೀಮೆಗೆ ಹತ್ತಿರವಾಯಿತು. ಆದರೆ ಶಕ್ತಿಯ ಪ್ರಶ್ನೆಯನ್ನು ಬಿಡಿಸಿದ್ದು ದೂರದ ಅಮೆರಿಕದಲ್ಲಿ ನಡೆದ ಒಂದು ಸಂಶೋಧನೆ. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. 1954ರಲ್ಲಿ ಅದರ ರೇಡಿಯೋ ಅಲ್ಲಿಯ ಪೇಟೆಗೆ ಬಂದಿತು. ಟ್ರಾನ್ಸಿಸ್ಟರಿಗೆ ಕಾಯಿಸಬೇಕಾದ ಎಳೆಯಿಲ್ಲ, 90 ವೋಲ್ಟೂ ಬೇಕಿಲ್ಲ. ಟಾರ್ಚಿಗೆ ಹಾಕುವ ನಾಲ್ಕು ಸೆಲ್ಲುಗಳಿಂದ ನುಡಿಯುವ ಪೆಟ್ಟಿಗೆಗಳು ಮುಂದೆ ಹೊಲದ ಬದುವಿನವರೆಗೂ ಹೋದವು. ಅಂದಿನಿಂದ ಬ್ಯಾಟರಿಯು ತಂತಿಯಿಲ್ಲದವನ ಗತಿಯಾಗಿ ಉಳಿಯದೆ ತಂತಿಯಿರುವವನ ಸೌಕರ್ಯವೂ ಆಯಿತು.

ಹಾಗಾದರೆ ಇಂದು ಮನೆಗೆ ಧ್ವನಿಯಂತ್ರವನ್ನು ಕೊಳ್ಳುವವರು ಯಾವುದನ್ನು ಆರಿಸಬೇಕು? ಒಂದೇ ಸ್ಥಳದಲ್ಲಿದ್ದು ಗಟ್ಟಿಯಾಗಿ, ಬಹಳ ಹೊತ್ತು ನುಡಿಯಬೇಕಾದ ಯಂತ್ರಕ್ಕೆ ತಂತಿಯೇ ಸರಿ. ಒಳ್ಳೆಯ ಯಂತ್ರದಲ್ಲಿ ‘ಗುಂಯ್’ ಎಂಬ ದೋಷ ಇಂದು ಕಿವಿಗೆ ಬೀಳುವಷ್ಟು ಇರುವುದಿಲ್ಲ. ಜೊತೆಯಲ್ಲಿ ಒಯ್ಯಬೇಕಾದುದಕ್ಕೂ, ಕರೆಂಟು ಹೋದಾಗ ನುಡಿಯಬೇಕಾದುದಕ್ಕೂ ಬ್ಯಾಟರಿ. ಆದರೆ ಒಂದು ಮಾತನ್ನು ನೆನಪಿನಲ್ಲಿಡಬೇಕು. ಇಂದಿನ ಲಿಥಿಯಂ ಬ್ಯಾಟರಿಯು ತುಂಬುವುದೂ ಸಾಮಾನ್ಯವಾಗಿ ಗೋಡೆಯ ತಂತಿಯಿಂದಲೇ, ಅಂದಿನ ಆಮ್ಲದ ಬ್ಯಾಟರಿಯು ಪೇಟೆಯಲ್ಲಿ ತುಂಬುತ್ತಿದ್ದಂತೆ. ಬ್ಯಾಟರಿಯು ಸ್ವತಂತ್ರ ಶಕ್ತಿಯಲ್ಲ. ಬೇರೆಡೆಯಿಂದ ತಂದು ಕೂಡಿಟ್ಟ ಶಕ್ತಿ. ತುಂಬುವ ಸ್ಥಳವು ಎಷ್ಟು ದೂರ ಎಂಬುದೇ ನಿಜವಾದ ಪ್ರಶ್ನೆ. ಒಂದು ಕಾಲದಲ್ಲಿ ಆ ದೂರ ಹಳ್ಳಿಯಿಂದ ಪೇಟೆಯವರೆಗೆ ಇದ್ದಿತು. ಇಂದು ಬಹುಮಟ್ಟಿಗೆ ಮೇಜಿನಿಂದ ಗೋಡೆಯವರೆಗೆ ಬಂದಿದೆ. ಕನ್ನಡ ಬಾನುಲಿಯ ಚರಿತ್ರೆಯನ್ನು ಬರೆಯುವವರು ಪ್ರಸಾರ ಕೇಂದ್ರಗಳ ಜೊತೆಗೆ ಈ ದೂರವನ್ನೂ ಅಳೆದರೆ, ಮಾತನಾಡಿದವರಿಗೆ ಸಂದ ಗೌರವದಲ್ಲಿ ಕಷ್ಟಪಟ್ಟು ಕೇಳಿದವರಿಗೂ ಒಂದು ಪಾಲು ದೊರೆಯುತ್ತದೆ.